ಬೋರ್ ಮಾಡಿಸುವ ಮುನ್ನ ಗೋಡೆ ಓದಿ

ಲಾರಿಯ ಡೀಸೆಲ್ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಎತ್ತಿ ಪಕ್ಕಕ್ಕಿಟ್ಟು, ಪಿಸ್ಟನ್ನನ್ನು ಕೆಳಗಿಳಿಸಿ, ಸಿಲಿಂಡರ್ ಒಳಗೆ ಟಾರ್ಚ್ ಬಿಟ್ಟು ನೋಡುವ ಮೊದಲ ಹತ್ತು ನಿಮಿಷ ಇದೆಯಲ್ಲ, ಇಡೀ ಎಂಜಿನ್ ಕೆಲಸದಲ್ಲಿ ಅದಕ್ಕಿಂತ ಬೆಲೆಬಾಳುವ ಹೊತ್ತು ಇನ್ನೊಂದಿಲ್ಲ. ಹೆಚ್ಚಿನ ಶೆಡ್‌ಗಳಲ್ಲಿ ಆ ಹತ್ತು ನಿಮಿಷವನ್ನು ಯಾರೂ ಕೊಡುವುದಿಲ್ಲ. ಗೋಡೆಯಲ್ಲಿ ಗೀರು ಕಂಡಿತು, ಸಿಲಿಂಡರ್‌ಗಳಿರುವ ಬ್ಲಾಕ್ ಗೋಡೆ ಕೊರೆದು ಅಗಲಿಸುವ ಬೋರಿಂಗ್ ಅಂಗಡಿಗೆ ಹೋಯಿತು. ಹೊಸ ಸ್ಲೀವ್ (ಸಿಲಿಂಡರಿನ ಒಳಕೊಳವೆ), ಹೊಸ ಪಿಸ್ಟನ್, ಅದರ ಸುತ್ತ ಕೂರುವ ಹೊಸ ರಿಂಗ್ ಬಿದ್ದವು. ಕೆಲವೇ ತಿಂಗಳಲ್ಲಿ ಅದೇ ಸಿಲಿಂಡರಿನಲ್ಲಿ ಅದೇ ಜಾಗದಲ್ಲಿ ಅದೇ ಗೀರು. ತನಗೆ ಏನಾಯಿತು ಎಂಬುದನ್ನು ಸಿಲಿಂಡರಿನ ಗೋಡೆ ತನ್ನ ಮೈಮೇಲೇ ಬರೆದುಕೊಂಡಿರುತ್ತದೆ. ಬೋರಿಂಗ್ ಬಾರ್ ಒಮ್ಮೆ ಒಳಗೆ ಹಾದುಹೋದರೆ ಆ ಬರಹ ಚೂರಾಗಿ ನೆಲಕ್ಕೆ ಬೀಳುತ್ತದೆ, ಆಮೇಲೆ ಯಾರಿಗೂ ಸಿಗುವುದಿಲ್ಲ.

ಮಾತು ಗಾಳಿಯಲ್ಲಿ ತೇಲಬಾರದೆಂದು ನಮ್ಮ ರಸ್ತೆಯ ಎರಡು ಎಂಜಿನ್‌ಗಳನ್ನೇ ಇಟ್ಟುಕೊಳ್ಳೋಣ. ಒಂದು ಟಾಟಾ 697. ಹೆಸರಿನಲ್ಲೇ ಅಳತೆ ಇದೆ: 6 ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಒಳವ್ಯಾಸ. ಪಿಸ್ಟನ್ ಏರಿಳಿಯುವ ದೂರವಾದ ಸ್ಟ್ರೋಕ್ 128 ಮಿ.ಮೀ., ಒಟ್ಟು 5675 ಸಿಸಿ. 1954ರಲ್ಲಿ ಟಾಟಾದ ಟೆಲ್ಕೊ ಕಂಪನಿ ಮತ್ತು ಡೈಮ್ಲರ್ ಬೆಂಜ್ ಕೈಜೋಡಿಸಿದ ಕಾಲದ ಬೆಂಜ್ ವಂಶದ್ದು ಇದು. ಬೆಂಜ್‌ನ ಓಎಂ 352ರ ಅಳತೆಯೂ ಇದೇ. ಇನ್ನೊಂದು ಟಾಟಾ 1613ರಂಥ ಲಾರಿಗಳಲ್ಲಿ ಬಂದ ಕಮಿನ್ಸ್ 6ಬಿಟಿ, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, 5.9 ಲೀಟರ್. 697ರ ಬ್ಲಾಕಿನೊಳಗೆ ಡ್ರೈ ಸ್ಲೀವ್ ಕೂರುತ್ತದೆ, ಅದರ ಬೆನ್ನಿಗೆ ನೀರು ತಾಗುವುದಿಲ್ಲ. 6ಬಿಟಿಯಲ್ಲಿ ಸ್ಲೀವೇ ಇಲ್ಲ, ಪಿಸ್ಟನ್ ಬ್ಲಾಕಿನ ಕಬ್ಬಿಣದಲ್ಲೇ ಓಡುತ್ತದೆ. ಆದ್ದರಿಂದ ಎರಡರ ರಿಪೇರಿಯ ದಾರಿ ಬೇರೆ. ಓದುವ ಕ್ರಮ ಮಾತ್ರ ಒಂದೇ.

ಓದು ಶುರುವಾಗಬೇಕಾದ್ದು ಹೆಡ್ ಬಿಚ್ಚುವುದಕ್ಕೂ ಮುಂಚೆ. ಗಾಡಿ ಲೋಡ್ ಎಳೆಯುತ್ತಿಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬರುತ್ತದೆ ಎಂದ ತಕ್ಷಣ ಗೋಡೆಯ ಮೇಲೆ ತಪ್ಪು ಹೊರಿಸಬಾರದು. ವಾಲ್ವ್ ಗೈಡ್ ಸವೆದರೂ, ಟರ್ಬೊ ಸೀಲ್ ಹೋದರೂ ನೀಲಿ ಹೊಗೆ ಬರುತ್ತದೆ. ಗೋಡೆಯ ಕಥೆ ಹೇಳುವುದು ಎಂಜಿನ್ನಿನ ಕೆಳಹೊಟ್ಟೆಯ ಗಾಳಿ ಹೊರಬಿಡುವ ಬ್ರೀದರ್ ಪೈಪು. ಎಂಜಿನ್ ಬಿಸಿಯಾದ ಮೇಲೂ ಅದರಿಂದ ರಭಸವಾಗಿ ಹೊಗೆ ಉಗಿಯುತ್ತಿದ್ದರೆ, ಆಯಿಲ್ ಹಾಕುವ ಬಾಯಿ ತೆರೆದಾಗ ಮುಚ್ಚಳ ಕುಣಿಯುತ್ತಿದ್ದರೆ, ಗ್ಯಾಸ್ ರಿಂಗ್ ದಾಟಿ ಕೆಳಗಿಳಿಯುತ್ತಿದೆ ಎಂದರ್ಥ. ಯಾವ ಸಿಲಿಂಡರ್ ಎಂದು ತಿಳಿಯಲು ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಬ್ರೀದರ್ ನೋಡಬೇಕು. ಯಾವುದನ್ನು ಕಟ್ ಮಾಡಿದಾಗ ಉಗಿತ ತಗ್ಗುತ್ತದೋ ಅದೇ ಸಿಲಿಂಡರ್. ನಟ್ಟಿನ ಮೇಲೆ ದಪ್ಪ ಬಟ್ಟೆ ಇರಲಿ, ಬೆರಳು ದೂರ ಇರಲಿ. ಪಂಪಿನ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮದೊಳಗೇ ಹೊಕ್ಕುಬಿಡುತ್ತದೆ. ಕಂಪ್ರೆಶನ್ ಗೇಜ್ ಇಟ್ಟು ನೋಡುವುದು ಸರಿ. ಆದರೆ ಪೆಟ್ರೋಲ್ ಎಂಜಿನ್ನಿಗೆ ಮಾಡಿದಂತೆ ಒಳಗೆ ಆಯಿಲ್ ಸುರಿದು ಮತ್ತೆ ನೋಡುವ ಪರೀಕ್ಷೆಯನ್ನು ಡೀಸೆಲ್‌ಗೆ ಮಾಡಬೇಡಿ. ಇಲ್ಲಿ ಡೀಸೆಲ್ ಉರಿಯುವ ಚೇಂಬರಿನ ಜಾಗ ಎಷ್ಟು ಕಿರಿದೆಂದರೆ ಸುರಿದ ಆಯಿಲೇ ಆ ಜಾಗ ತುಂಬಿ ಒತ್ತಡ ಏರಿಸಿ ಸುಳ್ಳು ಹೇಳುತ್ತದೆ.

ಹೆಡ್ ಬಿಚ್ಚಿದ ಮೇಲೆ ಬರೀ ಬಟ್ಟೆಯಿಂದ ಒರೆಸಿ ನೋಡಿ. ಈ ಹಂತದಲ್ಲಿ ಎಮೆರಿ ಕಾಗದ ಮುಟ್ಟಲೇಬಾರದು. ಆರೂ ಗೋಡೆಗಳನ್ನು ಒಂದಕ್ಕೊಂದು ಹೋಲಿಸಬೇಕು. ತೊಂದರೆ ಆರರಲ್ಲೂ ಇದ್ದರೆ ಕಾರಣ ಎಂಜಿನ್ನಿಗೆಲ್ಲ ಸೇರಿದ್ದು: ಗಾಳಿ, ಆಯಿಲ್, ನೀರು. ಒಂದರಲ್ಲೇ ಇದ್ದರೆ ಕಾರಣವೂ ಆ ಒಂದರದ್ದೇ: ಅದರ ಇಂಜೆಕ್ಟರ್, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಅದರ ಕನೆಕ್ಟಿಂಗ್ ರಾಡ್, ಅದರ ಪಿಸ್ಟನ್ನಿಗೆ ಕೆಳಗಿಂದ ಆಯಿಲ್ ಚಿಮ್ಮುವ ನೋಜಲ್.

ಧೂಳು ತಿಂದ ಗೋಡೆ ಮಂಕು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಸುತ್ತಲೂ ನೂಲಿನಂಥ ಸಣ್ಣ ಉದ್ದ ಗೆರೆಗಳು. ಸಂಡೂರು, ಹೊಸಪೇಟೆ ಕಡೆ ಅದಿರು ಹೊತ್ತ ಲಾರಿಗಳಿಗೆ ಇದು ಬಲು ಸಾಮಾನ್ಯ. ಕಬ್ಬಿಣದ ಅದಿರಿನ ಧೂಳು ಆಯಿಲಿನಲ್ಲಿ ಕಲೆತರೆ ವಾಲ್ವ್ ಉಜ್ಜುವ ಪೇಸ್ಟಿನಂತೆಯೇ ಕೆಲಸ ಮಾಡುತ್ತದೆ. ಧೂಳು ಎಲ್ಲಿಂದ ಬಂತು ಎಂಬುದನ್ನು ರಿಂಗ್ ಹೇಳುತ್ತದೆ. ಮೇಲಿನ ರಿಂಗ್ ಹೆಚ್ಚು ಸವೆದಿದ್ದರೆ ಗಾಳಿಯ ದಾರಿಯಿಂದ, ಕೆಳಗಿನ ಆಯಿಲ್ ರಿಂಗ್ ಹೆಚ್ಚು ಸವೆದಿದ್ದರೆ ಆಯಿಲಿನ ದಾರಿಯಿಂದ. ಒಂದೋ ಎರಡೋ ಸಿಲಿಂಡರ್ ಮಾತ್ರ ಹೀಗಾಗಿದ್ದರೆ ಫಿಲ್ಟರ್ ಬಿಟ್ಟು ಅಲ್ಲಿನ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡಿ. ಹಳೆಯ ಗಾಡಿಗಳಲ್ಲಿ ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗ, ಕಣ್ಣಿಗೆ ಬೀಳದ ಕಡೆ ಬಿರಿದಿರುತ್ತದೆ. ಒಳಗೆ ಬೆರಳಾಡಿಸಿದಾಗ ಧೂಳು ಅಂಟಿಕೊಂಡರೆ ಉತ್ತರ ಸಿಕ್ಕಿತು. ನೂರು ರೂಪಾಯಿಯ ಕ್ಲಿಪ್ಪು ಬಿಗಿಯಿಲ್ಲದೆ ಆರು ಸ್ಲೀವ್ ಹಾಳಾಗುತ್ತವೆ.

ಹೊಳೆಯುವ ಗೋಡೆ ನೋಡಲು ಚೆಂದ, ಆದರೆ ಅದೂ ಕಾಯಿಲೆಯೇ. ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟ ಎಂಜಿನ್ನಿನಲ್ಲಿ ಅರೆಬೆಂದ ಆಯಿಲ್ ಹೋನಿಂಗ್ ಗೆರೆಗಳ (ಕಲ್ಲಿನಿಂದ ಉಜ್ಜಿ ಗೋಡೆಯಲ್ಲಿ ಮೂಡಿಸಿದ ಗೆರೆಗಳು) ಸಂದಿ ತುಂಬಿ ಗಾಜಿನ ಲೇಪದಂತೆ ಕೂರುತ್ತದೆ; ಇದೇ ಗ್ಲೇಜ್. ಆಯಿಲ್ ನಿಲ್ಲಲು ಗೆರೆಯಿಲ್ಲ, ರಿಂಗ್ ಕೂರಲು ಹಿಡಿತವಿಲ್ಲ. ತುಕ್ಕಿನ ಗುರುತು ಇನ್ನೊಂದು ಬಗೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಿಂಗ್ ನಿಂತಿದ್ದ ಜಾಗದಲ್ಲಿ ಬಳೆಯಂತೆ ಸುತ್ತುಗೆರೆ ಬಿದ್ದಿರುತ್ತದೆ. ಗುಂಡಿ ಬಿದ್ದಿದ್ದರೆ ಹೋನಿಂಗ್‌ನಿಂದ ಹೋಗದು. ಗೋಡೆಯಲ್ಲಿ ಪಿಸ್ಟನ್ ಪಿನ್ನಿನ ನೇರಕ್ಕೆ ಒಂದೇ ಒಂದು ಆಳವಾದ ಕಾಲುವೆ ಕಂಡರೆ ಅದು ಆ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ ಕಿತ್ತುಬಂದ ಗುರುತು. ಸರ್ಕ್ಲಿಪ್ ಸುಮ್ಮನೆ ಕಿತ್ತುಬರುವುದಿಲ್ಲ; ಬಾಗಿದ ರಾಡ್ ಪಿನ್ನನ್ನು ಸದಾ ಒಂದೇ ಕಡೆಗೆ ತಳ್ಳುತ್ತಿರುತ್ತದೆ. ಅಲ್ಲಿ ರಾಡ್ ಅಲೈನ್‌ಮೆಂಟ್ ನೋಡದೆ ಹೊಸ ಸ್ಲೀವ್ ಹಾಕಿದರೆ ದುಡ್ಡು ನೀರಿಗೆ.

ಹೆಚ್ಚು ಮೋಸ ಹೋಗುವುದು ಪಿಸ್ಟನ್ ಕಚ್ಚಿಕೊಂಡ ಗೋಡೆಯಲ್ಲಿ. ಶಿರಾಡಿ ಘಾಟಿಯಂಥ ಏರಿನಲ್ಲಿ ತುಂಬಿದ ಲೋಡು, ಗಡಸು ನೀರಿನ ಸುಣ್ಣ ಕಟ್ಟಿದ ರೇಡಿಯೇಟರ್, ಸಡಿಲ ಫ್ಯಾನ್ ಬೆಲ್ಟ್ ಮೂರೂ ಸೇರಿದರೆ ಅಲ್ಯುಮಿನಿಯಂ ಪಿಸ್ಟನ್ ಕಬ್ಬಿಣದ ಗೋಡೆಗಿಂತ ಬೇಗ ಹಿಗ್ಗಿ ಕಚ್ಚುತ್ತದೆ. ಆಗ ಕಚ್ಚಿದ ಪಟ್ಟೆಗಳು ಪಿಸ್ಟನ್ನಿನ ಎರಡೂ ಕಡೆ, ಹಲವು ಸಿಲಿಂಡರ್‌ಗಳಲ್ಲಿ ಇರುತ್ತವೆ. ಒಂದೇ ಸಿಲಿಂಡರ್, ಅದೂ ಮೇಲಿನಿಂದ ಕೆಳಗೆ ಇಳಿದ ಪಟ್ಟೆ ಎಂದರೆ ಇಂಜೆಕ್ಟರ್ ಕಡೆ ತಿರುಗಿ. ಸೋರುವ ನೋಜಲ್‌ನ ಡೀಸೆಲ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ, ರಿಂಗ್ ಒಣಗೋಡೆಯ ಮೇಲೆ ಓಡುತ್ತದೆ.

ಕಚ್ಚಿದ ಗೋಡೆಯಲ್ಲಿ ಬೆಳ್ಳಿಯಂತೆ ಮೆತ್ತಿಕೊಂಡದ್ದು ಗೋಡೆಯ ಗಾಯವಲ್ಲ, ಪಿಸ್ಟನ್ನಿನ ಅಲ್ಯುಮಿನಿಯಂ. ಅದರ ಅಡಿಯಲ್ಲಿ ಗೋಡೆ ಹೇಗಿದೆ ಎಂಬುದು ಮುಖ್ಯ. ಬೇರಿಂಗ್ ಎಲ್ಲ ಬಿಚ್ಚಿದ ಬರಿ ಬ್ಲಾಕಿನಲ್ಲಿ, ಆ ಪಟ್ಟೆಯ ಮೇಲೆ ಮಾತ್ರ ಕಾಸ್ಟಿಕ್ ಸೋಡಾ ನೀರನ್ನು ಬಟ್ಟೆಯಲ್ಲಿ ಹಚ್ಚಿದರೆ ಅಲ್ಯುಮಿನಿಯಂ ನೊರೆಗಟ್ಟಿ ಕರಗುತ್ತದೆ, ಕಬ್ಬಿಣ ಹಾಗೇ ಉಳಿಯುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕನ್ನಡಕ, ರಬ್ಬರ್ ಗ್ಲೌಸ್ ಬೇಕೇ ಬೇಕು. ಏಳುವ ನೊರೆಯಲ್ಲಿ ಹೈಡ್ರೋಜನ್ ಇರುವುದರಿಂದ ಹತ್ತಿರ ಬೀಡಿ, ವೆಲ್ಡಿಂಗ್ ಕಿಡಿ ಕೂಡದು. ನೊರೆ ನಿಂತ ಮೇಲೆ ಚೆನ್ನಾಗಿ ತೊಳೆದು, ಒರೆಸಿ, ಉಗುರನ್ನು ಗೋಡೆಯ ಮೇಲೆ ಅಡ್ಡಡ್ಡ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಗೋಡೆ ಬದುಕಿದೆ, ಅಳತೆ ಸರಿಯಿದ್ದರೆ ಹೋನಿಂಗ್ ಸಾಕು. ರಿಂಗ್ ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಸ್ಲೀವ್ ಅಥವಾ ಬೋರಿಂಗ್, ಬೇರೆ ದಾರಿಯಿಲ್ಲ.

ಅಳತೆಯ ವಿಷಯದಲ್ಲಿ ಪಟ್ಟು ಸಡಿಲಿಸಬಾರದು. ಡಯಲ್ ಬೋರ್ ಗೇಜನ್ನು ಮೈಕ್ರೋಮೀಟರಿನಲ್ಲಿ ಸೊನ್ನೆಗೆ ಕೂರಿಸಿ, ಪ್ರತಿ ಸಿಲಿಂಡರಿನಲ್ಲೂ ಮೇಲೆ, ನಡುವೆ, ಕೆಳಗೆ ಮೂರು ಆಳದಲ್ಲಿ, ಪ್ರತಿ ಆಳದಲ್ಲೂ ಎರಡು ದಿಕ್ಕಿನಲ್ಲಿ ತೆಗೆಯಬೇಕು: ಕ್ರ್ಯಾಂಕಿನ ಉದ್ದಕ್ಕೊಮ್ಮೆ, ಅದಕ್ಕೆ ಅಡ್ಡಲಾಗಿ ಇನ್ನೊಮ್ಮೆ. ಆರು ಸಿಲಿಂಡರಿಗೆ 36 ಅಂಕಿ. ಹೆಚ್ಚು ಸವೆತ ಇರುವುದು ಮೇಲೆ, ರಿಂಗ್ ಮುಟ್ಟದೆ ಉಳಿದ ಅಂಚಿನ ದಿಬ್ಬದ ಸ್ವಲ್ಪ ಕೆಳಗೆ. ಮೊದಲ ರಿಂಗ್ ಅಲ್ಲಿಗೆ ಬಂದು ಒಂದು ಕ್ಷಣ ನಿಂತು ತಿರುಗುತ್ತದೆ. ನಿಂತ ರಿಂಗಿನ ಅಡಿ ಆಯಿಲಿನ ಪದರ ತೆಳುವಾಗುತ್ತದೆ, ಬಿಸಿ ಮತ್ತು ಒತ್ತಡ ಅಲ್ಲೇ ಹೆಚ್ಚು. ಇನ್ನು ರಾಡ್ ಓರೆಯಾಗಿ ನಿಂತು ಪಿಸ್ಟನ್ನನ್ನು ಪಕ್ಕಕ್ಕೆ ಒತ್ತುವುದರಿಂದ ಅಡ್ಡ ದಿಕ್ಕು ಹೆಚ್ಚು ಸವೆದು ಬೋರ್ ಮೊಟ್ಟೆಯಾಕಾರಕ್ಕೆ ಹೋಗುತ್ತದೆ.

ಒಂದು ಉದಾಹರಣೆ ನೋಡಿ. 97.00ರ ಬೋರ್ ಮೇಲೆ ಅಡ್ಡಕ್ಕೆ 97.22, ಉದ್ದಕ್ಕೆ 97.16, ಕೆಳಗೆ ಅಡ್ಡಕ್ಕೆ 97.05 ಬಂತೆನ್ನಿ. ಅಡ್ಡ ಉದ್ದಗಳ ಅಂತರವಾದ ಓವಲ್ 0.06, ಮೇಲೆ ಕೆಳಗಿನ ಅಂತರವಾದ ಟೇಪರ್ 0.17. ಕೂದಲೆಳೆಯಷ್ಟು ತಾನೇ ಎನಿಸಬಹುದು. ಆದರೆ ರಿಂಗಿನ ಬಾಯಿ (ಅದರ ಎರಡು ತುದಿಗಳ ನಡುವಿನ ಸಂದು) ವ್ಯಾಸದ ವ್ಯತ್ಯಾಸದ 3.14 ಪಟ್ಟು ತೆರೆಯುತ್ತದೆ. ಕೆಳಗಿನಿಂದ ಮೇಲೆ ಹೋಗುವಷ್ಟರಲ್ಲಿ ಅರ್ಧ ಮಿ.ಮೀ.ಗೂ ಹೆಚ್ಚು ಅರಳಬೇಕು, ಬರುವಾಗ ಮತ್ತೆ ಮುದುಡಬೇಕು. 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 40 ಸಲ. ಯಾವ ರಿಂಗ್ ಇದನ್ನು ತಾಳೀತು? "ಈಗ ರಿಂಗ್ ಮಾತ್ರ ಹಾಕಿ ಓಡಿಸೋಣ" ಎಂಬ ಹಾಫ್ ಎಂಜಿನ್ ಕೆಲಸ ಬೇಗ ಸೋಲುವುದು ಇದಕ್ಕೇ. ಅದರ ಮೇಲೆ, ಹೊಸ ರಿಂಗಿನ ಚೂಪು ಅಂಚು ಮೇಲಿನ ಹಳೆಯ ದಿಬ್ಬಕ್ಕೆ ಬಡಿದು ರಿಂಗೋ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಗಾಡಿಯ ಅಂಚೋ ಮುರಿಯುತ್ತದೆ. 6ಬಿಟಿಯಲ್ಲಿ ಮಿತಿ ಖಚಿತವಾಗಿದೆ: ಬೋರ್ 102.116 ದಾಟಬಾರದು, ಓವಲ್ 0.038, ಟೇಪರ್ 0.076. 697ಕ್ಕೆ ಅದರ ಮ್ಯಾನ್ಯುಯಲ್ ಮತ್ತು ಪಿಸ್ಟನ್ ಡಬ್ಬಿಯ ಮೇಲಿನ ಅಂಕಿಯನ್ನೇ ನಂಬಬೇಕು.

697ರಲ್ಲಿ ಹಳೆಯ ಸ್ಲೀವ್ ಒತ್ತಿ ತೆಗೆದ ಮೇಲೆ ಅದನ್ನು ಗುಜರಿಗೆ ಎಸೆಯುವ ಮುನ್ನ ಬೆನ್ನು ತಿರುಗಿಸಿ ನೋಡಿ. ಬೆನ್ನೆಲ್ಲ ಒಂದೇ ಬಣ್ಣದಲ್ಲಿದ್ದರೆ ಬ್ಲಾಕಿಗೆ ಸರಿಯಾಗಿ ಅಂಟಿತ್ತು. ಅಲ್ಲಲ್ಲಿ ಕಪ್ಪು ಮಚ್ಚೆಗಳಿದ್ದರೆ ಅಲ್ಲಿ ಸ್ಲೀವ್ ಬ್ಲಾಕನ್ನು ಮುಟ್ಟಿರಲೇ ಇಲ್ಲ, ಬಿಸಿ ದಾಟಲು ದಾರಿ ಇರಲಿಲ್ಲ. ಒಳಗಡೆ ಕಚ್ಚಿದ ಪಟ್ಟೆ ಆ ಮಚ್ಚೆಯ ನೇರಕ್ಕೇ ಇದ್ದರೆ ದೋಷ ಪಿಸ್ಟನ್ನಿನದಲ್ಲ, ಹಿಂದಿನ ಸಲ ಸ್ಲೀವ್ ಕೂರಿಸಿದ ಕೈಯದು.

ಹಾಗಾಗಿ ಬ್ಲಾಕಿನ ಬೋರನ್ನೂ ಅಳೆಯಬೇಕು. ಡ್ರೈ ಸ್ಲೀವ್ ತೆಳು, ತನ್ನದೇ ಆಕಾರ ಅದಕ್ಕಿಲ್ಲ; ಬ್ಲಾಕ್ ಮೊಟ್ಟೆಯಾಗಿದ್ದರೆ ಸ್ಲೀವೂ ಮೊಟ್ಟೆಯೇ. ಬ್ಲಾಕ್ ಬೋರ್ ಕೆಟ್ಟಿದ್ದರೆ ಅದನ್ನೇ ಬೋರ್ ಮಾಡಿ ಹೊರವ್ಯಾಸ ಹೆಚ್ಚಿರುವ ಸ್ಲೀವ್ ಹಾಕಬೇಕು. ಸಡಿಲವಾದ ಬೋರಿಗೆ ಗ್ರೀಸೋ ಸೀಲೆಂಟೋ ಬಳಿದು ಸ್ಲೀವ್ ನಿಲ್ಲಿಸುವುದನ್ನು ಖಂಡಿತ ಒಪ್ಪಬೇಡಿ, ಅದು ಬಿಸಿಗೆ ಅಡ್ಡಗೋಡೆ. ಒತ್ತುವಾಗ ಪ್ರೆಸ್ಸಿನ ಗೇಜ್ ಮೇಲೆ ಕಣ್ಣಿರಲಿ. ಒತ್ತಡ ನಿಧಾನವಾಗಿ, ಸಮನಾಗಿ ಏರಬೇಕು. ಥಟ್ಟನೆ ಏರಿದರೆ ಸ್ಲೀವ್ ಓರೆಯಾಗಿದೆ, ಥಟ್ಟನೆ ಇಳಿದರೆ ಎಲ್ಲೋ ಬಿರುಕು. ಸುತ್ತಿಗೆ, ಮರದ ತುಂಡು ಹಿಡಿದು ಬಡಿಯುವವರಿಗೆ ಈ ಎರಡೂ ತಿಳಿಯುವುದಿಲ್ಲ. ಸ್ಲೀವಿನ ಮೇಲಂಚಿನ ಕಾಲರ್ ಕೂರುವ ಮೆಟ್ಟಿಲಿನಲ್ಲಿ ಒಂದು ಚೂರು ಲೋಹ ಉಳಿದರೂ ಹೆಡ್ ಬಿಗಿದಾಗ ಕಾಲರ್ ಬಿರಿಯುತ್ತದೆ. ಕೂತ ಮೇಲೆ ಕಾಲರ್ ಬ್ಲಾಕಿನ ಮೇಲ್ಮೈಯಾದ ಡೆಕ್ಕಿಗಿಂತ ತಗ್ಗಿದ್ದರೆ ಹೆಡ್ ಗ್ಯಾಸ್ಕೆಟ್ ಹಿಡಿಯದು.

6ಬಿಟಿಯಲ್ಲಿ ಆಯ್ಕೆ ಎರಡು. ಆರೂ ಬೋರ್ ಸವೆದಿದ್ದರೆ 0.50 ಮಿ.ಮೀ. ಅಗಲಿಸಿ ಅಷ್ಟೇ ದೊಡ್ಡ ಪಿಸ್ಟನ್ ಹಾಕುವ ಓವರ್‌ಸೈಜ್, ಅದೂ ಮುಗಿದಿದ್ದರೆ 1.00. ಒಂದೇ ಗೋಡೆ ಕೆಟ್ಟು ಉಳಿದ ಐದು ಸ್ಟ್ಯಾಂಡರ್ಡ್ ಮಿತಿಯಲ್ಲಿದ್ದರೆ ಆ ಒಂದಕ್ಕೆ ಮಾತ್ರ ರಿಪೇರಿ ಸ್ಲೀವ್ ಹಾಕಿ ಸ್ಟ್ಯಾಂಡರ್ಡಿಗೇ ತರುವುದು ಒಳ್ಳೆಯದು. ಒಳ್ಳೆಯ ಐದು ಗೋಡೆಗಳ ಕಬ್ಬಿಣವನ್ನು ಸುಮ್ಮನೆ ಕೆರೆದು ಬಿಸಾಡುವುದು ಯಾಕೆ? ಅವನ್ನು ಮುಂದಿನ ಓವರ್‌ಸೈಜಿಗೆ ಉಳಿಸಿಕೊಳ್ಳಬಹುದು.

ಬೋರಿಂಗ್ ಬಾರನ್ನು ಸವೆದ ಮೇಲ್ಭಾಗಕ್ಕೆ ಸೆಂಟರ್ ಮಾಡಿದರೆ ಬೋರ್ ಕ್ರ್ಯಾಂಕಿಗೆ ನೇರವಾಗಿ ಬರುವುದಿಲ್ಲ. ರಿಂಗ್ ಮುಟ್ಟದ ಕೆಳಭಾಗಕ್ಕೆ ಸೆಂಟರ್ ಮಾಡಬೇಕು. ಕೊನೆಯ ಅಳತೆಗೆ 0.05ರಿಂದ 0.08 ಮಿ.ಮೀ. ಹೋನಿಂಗ್‌ಗೆ ಬಿಡಬೇಕು. ಬೋರಿಂಗ್ ಟೂಲ್ ಲೋಹವನ್ನು ಕತ್ತರಿಸುವ ಜತೆಗೆ ಹರಿದೂ ಹಾಕುತ್ತದೆ. ಆ ಹರಿದ ಪದರ ಪೂರಾ ಹೋನಿಂಗ್‌ನಲ್ಲಿ ಹೋಗಬೇಕು. 1, 2, 3 ಎಂದು ಸಾಲಾಗಿ ಮಾಡದೆ ಒಂದು ಬಿಟ್ಟು ಒಂದು ಮಾಡಿದರೆ ಬಿಸಿ ಒಂದೇ ಕಡೆ ಸೇರದು. ಬಿಸಿ ಬೋರನ್ನು ಅಳೆಯಬೇಡಿ. 97 ಮಿ.ಮೀ. ಬೋರ್ 30 ಡಿಗ್ರಿ ಬಿಸಿಯಾದರೆ 0.03 ಮಿ.ಮೀ. ಹಿಗ್ಗಿರುತ್ತದೆ, ಆಗ ಸರಿ ಎಂದು ನಿಲ್ಲಿಸಿದರೆ ತಣ್ಣಗಾದಾಗ ಪಿಸ್ಟನ್ನಿಗೆ ಬೋರ್ ಬಿಗಿ. ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಟಾರ್ಕಿಗೆ ಬಿಗಿದಿಟ್ಟುಕೊಂಡೇ ಹೋನಿಂಗ್ ಮಾಡಬೇಕು. ಆರು ಪಿಸ್ಟನ್ನಿಗೂ ನಂಬರ್ ಹಾಕಿ, ಪಿನ್ನಿಗೆ ಅಡ್ಡಲಾಗಿ ಸ್ಕರ್ಟಿನ ಕೆಳಗೆ ಅಳೆದು, ಯಾವ ಪಿಸ್ಟನ್ ಯಾವ ಬೋರಿಗೆ ಎಂದು ಮೊದಲೇ ಗೊತ್ತುಮಾಡಿ.

ಹೋನಿಂಗ್ ಗೆರೆಗಳು ಒಂದರ ಮೇಲೊಂದು ಅಡ್ಡ ಹಾಯ್ದು ಹಣೆದ ಚಾಪೆಯಂತೆ ಕಾಣಬೇಕು. 6ಬಿಟಿಗೆ ಡೆಕ್ಕಿನಿಂದ 15ರಿಂದ 25 ಡಿಗ್ರಿ ಓರೆ. ಬರೀ ಗ್ಲೇಜ್ ತೆಗೆಯುವುದಾದರೆ ನುಣುಪಿನ ಬಾಲ್ ಹೋನ್, 300ರಿಂದ 400 ಆರ್‌ಪಿಎಂ ಡ್ರಿಲ್, ಸೆಕೆಂಡಿಗೊಂದು ಏರಿಳಿತ, ಹತ್ತು ಏರಿಳಿತಕ್ಕೊಮ್ಮೆ ನಿಲ್ಲಿಸಿ ನೋಟ. ಡ್ರಿಲ್ ವೇಗ ಹೆಚ್ಚಿ ಕೈ ನಿಧಾನವಾದರೆ ಗೆರೆ ಮಲಗುತ್ತದೆ, ಕೈ ಅವಸರಪಟ್ಟರೆ ಗೆರೆ ನಿಲ್ಲುತ್ತದೆ, ನಿಂತ ಗೆರೆಯಲ್ಲಿ ಆಯಿಲ್ ಉಳಿಯದೆ ಇಳಿದುಹೋಗುತ್ತದೆ. ಕೈಯಲ್ಲಿ ಎಮೆರಿ ಹಿಡಿದು ಮೇಲೆ ಕೆಳಗೆ ಉಜ್ಜಿದರೆ ಬೀಳುವುದು ಬರೀ ನಿಂತ ಗೆರೆ. ಆ ಅಭ್ಯಾಸ ಬಿಡಬೇಕು.

ಆಮೇಲಿನ ತೊಳೆತ ಬೋರಿಂಗ್‌ನಷ್ಟೇ ದೊಡ್ಡ ಕೆಲಸ. ಹೋನಿಂಗ್ ಕಲ್ಲಿನ ಪುಡಿ ಗೆರೆಗಳ ಬುಡದಲ್ಲಿ ಕೂತಿರುತ್ತದೆ. ಡೀಸೆಲ್ ಎರಚಿ, ಗಾಳಿ ಹೊಡೆದರೆ ಅದು ಅಲ್ಲಿಂದ ಏಳುವುದಿಲ್ಲ. ಬಿಸಿನೀರು, ಬಟ್ಟೆ ಒಗೆಯುವ ಪುಡಿ, ಗಟ್ಟಿ ಬ್ರಷ್ಷು, ರಟ್ಟೆಯ ಬಲ: ಇಷ್ಟೇ ಬೇಕಾದ್ದು. ಬ್ಲಾಕಿನೊಳಗಿನ ಆಯಿಲ್ ದಾರಿಯಾದ ಗ್ಯಾಲರಿಯ ಪ್ಲಗ್ ತೆಗೆದು ಅಲ್ಲೂ ಬ್ರಷ್ ಆಡಿಸಿ. ನೀರು ಒರೆಸಿದ ಕೂಡಲೇ ಆಯಿಲ್ ಹಚ್ಚಿ, ಹೊಸದಾಗಿ ಕೆರೆದ ಕಬ್ಬಿಣ ನಿಮಿಷಗಳಲ್ಲಿ ತುಕ್ಕು ಹಿಡಿಯುತ್ತದೆ. ಈಗ ಬಿಳಿ ಪಂಚೆಯ ತುಂಡಿಗೆ ಚೂರು ಆಯಿಲ್ ತಾಗಿಸಿ ಗೋಡೆ ಒರೆಸಿ. ಬೂದಿಬಣ್ಣ ಬಂತೇ? ಮತ್ತೆ ತೊಳೆಯಿರಿ. ಮೂರನೆಯ ಸಲವೂ ಬಂದರೆ ನಾಲ್ಕನೆಯ ಸಲ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ರಿಂಗ್ ಡಬ್ಬಿ ತೆರೆಯುವಂತಿಲ್ಲ. ಹೊಸ ಎಂಜಿನ್ ಕೆಲಸ ಬೇಗ ಕೆಡುವುದಕ್ಕೆ ಈ ಬೂದಿಬಣ್ಣದಷ್ಟು ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ.

ರಿಂಗನ್ನು ಬೋರಿಗಿಳಿಸಿ, ಪಿಸ್ಟನ್ ತಲೆಯಿಂದ ಚಪ್ಪಟೆಯಾಗಿ ತಳ್ಳಿ, ಬಾಯಿಗೆ ಸಂದು ಅಳೆಯುವ ಫೀಲರ್ ಪಟ್ಟಿ ಹಾಕಿ ನೋಡಬೇಕು. 6ಬಿಟಿಯ ಮೇಲಿನ ರಿಂಗಿಗೆ 0.40ರಿಂದ 0.70. ಬೋರ್ ಮಾಡದೆ ಹಳೆಯ ಗೋಡೆಗೆ ರಿಂಗ್ ಹಾಕುತ್ತಿದ್ದರೆ ಸವೆಯದ ಕೆಳಭಾಗದಲ್ಲೇ ನೋಡಿ. ಮೇಲೆ ನೋಡಿ ಸರಿಯೆಂದುಕೊಂಡ ರಿಂಗ್ ಕೆಳಗೆ ಬಾಯಿ ಮುಚ್ಚಿ ಗೋಡೆಗೆ ಕಚ್ಚೀತು. ಗುರುತಿರುವ ಮುಖ ಮೇಲಕ್ಕೆ, ಬಾಯಿಗಳು 120 ಡಿಗ್ರಿ ದೂರ ದೂರ.

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಕಟ್ ಮಾಡಿ ಆಯಿಲ್ ಪ್ರೆಶರ್ ಬರುವ ತನಕ ತಿರುಗಿಸಿ. ಹೊಸ ಎಂಜಿನ್ನನ್ನು ರಾತ್ರಿಯಿಡೀ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸೆಟ್ ಆಗುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅದು ಉಲ್ಟಾ. ರಿಂಗ್ ಗೋಡೆಗೆ ಒತ್ತಿಕೊಳ್ಳುವುದು ತನ್ನ ಸ್ಪ್ರಿಂಗ್ ಬಲಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೆ ಬರುವ ಗ್ಯಾಸಿನ ಒತ್ತಡದಿಂದ, ಆ ಒತ್ತಡ ಬರುವುದು ಲೋಡಿನಿಂದ. ಐಡ್ಲಿಂಗ್‌ನಲ್ಲಿ ಗೆರೆಗಳೆಲ್ಲ ಮೊದಲ ದಿನವೇ ಗ್ಲೇಜ್ ಆಗಿಬಿಡುತ್ತವೆ. ಸೋರಿಕೆ, ಪ್ರೆಶರ್, ನೀರು ನೋಡಿಕೊಂಡು ಅರ್ಧ ಲೋಡಿನಲ್ಲಿ ರಸ್ತೆಗೆ ಬಿಡಿ. ಎಳೆಸಿ, ಬಿಡಿ, ಮತ್ತೆ ಎಳೆಸಿ. ಘಾಟಿಯನ್ನೂ ತುಂಬು ಲೋಡನ್ನೂ ಮೊದಲ ಟ್ರಿಪ್ಪುಗಳಲ್ಲಿ ದೂರವಿಡಿ. ಸಾಮಾನ್ಯ ಮಿನರಲ್ 15ಡಬ್ಲ್ಯು-40 ಸಾಕು.

ಮೊದಲ ಆಯಿಲನ್ನು ಬೇಗ ಬದಲಿಸಿ, ಆಗ ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ ಕಾಗದ ಬಿಡಿಸಿ, ಬಿಸಿಲಿಗೆ ಹಿಡಿದು ಅಯಸ್ಕಾಂತ ಆಡಿಸಿ. ಅಯಸ್ಕಾಂತಕ್ಕೆ ಅಂಟುವ ನುಣ್ಣನೆ ಬೂದಿ ಸ್ವಲ್ಪ ಇದ್ದರೆ ಅದು ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳುತ್ತಿರುವ ಗುರುತು. ಅಂಟದ, ಹೊಳೆಯುವ ಬಿಳಿ ಹಾಳೆಚೂರುಗಳಿದ್ದರೆ ಪಿಸ್ಟನ್ ಎಲ್ಲೋ ಮತ್ತೆ ಕಚ್ಚುತ್ತಿದೆ. ಗಾಡಿಯನ್ನು ಅಲ್ಲೇ ನಿಲ್ಲಿಸಿ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ, ಕೆಳಗಿನಿಂದ ಆರೂ ಗೋಡೆಗಳಿಗೆ ಮತ್ತೊಮ್ಮೆ ಟಾರ್ಚ್ ಬಿಡಿ.